ಅಪ್‌ಡೇಟ್: ಮಕ್ಕಳೊಂದಿಗೆ ತಡಿಯಂಡಮೋಳ್ ಚಾರಣ, ನಕ್ಷೆ ಮತ್ತು ದಿಕ್ಸೂಚಿ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೆಟ್ಟ ಹತ್ತಿಸುತ್ತ ದಾರಿ ಗುರುತಿಸುವುದನ್ನೂ ಕಲಿಸುವುದು ಹೇಗೆಂದು ಹಿಂದೆ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದಿರಿ. ಕೊಡಗಿನ ತಡಿಯಂಡಮೋಳ್‌ಗೆ (1,748 ಮೀಟರ್) ಹೋಗಿ ಬಂದೆವು.

ನಿಜಕ್ಕೂ ಕೈಹಿಡಿದದ್ದು ಸರ್ವೆ ಆಫ್ ಇಂಡಿಯಾದ (ಕೇಂದ್ರ ಸರ್ಕಾರದ ನಕ್ಷೆ ಸಂಸ್ಥೆ) 1:50,000 ನಕ್ಷೆಯನ್ನು ಮುದ್ರಿಸಿಕೊಳ್ಳಿ ಎಂಬ ಸಲಹೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಮಗಳು ದಾರಕ್ಕೆ ಗಂಟು ಹಾಕಿ ದೂರ ಅಳೆದಳು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ಒತ್ತೊತ್ತಾಗಿರುವುದನ್ನು ಕಂಡು, ತುದಿಯ ಏರು ಕಡಿದಾಗಿದೆಯೆಂದು ಮಗ ಮೊದಲೇ ಹೇಳಿಬಿಟ್ಟ! ಅಲ್ಲಿಗೆ ತಲುಪಿದಾಗ ಅವನ ಮುಖ ನೋಡಬೇಕಿತ್ತು.

ಮೊಬೈಲ್ ಆ್ಯಪ್ ಪ್ರಯೋಜನಕ್ಕೆ ಬರಲಿಲ್ಲ, ಸಿಗ್ನಲ್ ಬಂದು ಹೋಗುತ್ತಿತ್ತು. ಕೊಡೆಯೂ ಅಷ್ಟೇ, ಹುಲ್ಲುಗಾವಲಿನ ಗಾಳಿಗೆ ನಿಲ್ಲಲಿಲ್ಲ. ಬೆಳಕು ಹರಿಯುತ್ತಲೇ ಹೊರಡಿ, ಉಪ್ಪು ಬೆರೆಸಿದ ಮಜ್ಜಿಗೆ ಒಯ್ಯಿರಿ ಎಂದವರಿಗೆ ಕೃತಜ್ಞತೆ.

ಗೊತ್ತಿರದ ಸಂಗತಿಯೊಂದು: ನಮ್ಮ ಕಡೆ ದಿಕ್ಸೂಚಿಯ ಮುಳ್ಳು ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಬಹಳ ಕಡಿಮೆ, ಹಾಗಾಗಿ ಮಕ್ಕಳಿಗೆ ಲೆಕ್ಕದ ತೊಡಕಿಲ್ಲ. ಆದರೆ ಮೊಬೈಲ್ ಹತ್ತಿರ ತಂದರೆ ಮುಳ್ಳು ಪಕ್ಕಕ್ಕೆ ಸರಿಯುತ್ತದೆ.

ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವುದುಂಟು. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.