ಎರಡು ಕಂಟೇನರ್‌ಗಳಿಗೆ ಒಂದೇ ನೋಡ್ ಮಾಡ್ಯೂಲ್ಸ್ ವಾಲ್ಯೂಮ್ ಕೊಡಬಹುದಾ?

ಪ್ರಶ್ನೆ:
ನಮ್ಮ ಪ್ರಾಜೆಕ್ಟ್‌ನಲ್ಲಿ ಮೂರು ಸರ್ವೀಸ್‌ಗಳಿವೆ, ಎರಡು ನೋಡ್, ಒಂದು ಪೈಥಾನ್. ಎಲ್ಲವೂ ಡಾಕರ್ ಕಂಪೋಸ್‌ನಲ್ಲಿ (ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಸಾಧನ) ಓಡುತ್ತವೆ, ಒಂದೊಂದೂ ತನ್ನದೇ ಕಂಟೇನರ್‌ನಲ್ಲಿ, ಅಂದರೆ ಬೇರ್ಪಟ್ಟ ಪುಟ್ಟ ಪರಿಸರದಲ್ಲಿ. ಇಮೇಜ್ (ಕಂಟೇನರ್‌ಗೆ ಮೂಲವಾದ ಅಚ್ಚು) ಮತ್ತೆ ಬಿಲ್ಡ್ ಮಾಡಿ, ಕಂಟೇನರ್ ತೆಗೆದು ಹೊಸದಾಗಿ ಶುರು ಮಾಡಿದಾಗಲೆಲ್ಲ ನೋಡ್‌ನ ಎನ್‌ಪಿಎಂ, ಪೈಥಾನ್‌ನ ಪಿಪ್ ಎಂಬ ಪ್ಯಾಕೇಜ್ ಇನ್‌ಸ್ಟಾಲರ್‌ಗಳೆರಡೂ ಅವೇ ಪ್ಯಾಕೇಜ್‌ಗಳನ್ನು ಮತ್ತೆ ಡೌನ್‌ಲೋಡ್ ಮಾಡುತ್ತವೆ. ಒಂದು ನೇಮ್ಡ್ ವಾಲ್ಯೂಮ್ (ಕಂಟೇನರ್ ಹೋದರೂ ಉಳಿಯುವ ಸಂಗ್ರಹ) ಮಾಡಿ, ಎರಡೂ ನೋಡ್ ಸರ್ವೀಸ್‌ಗಳ ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗುವ ನೋಡ್ ಮಾಡ್ಯೂಲ್ಸ್ ಫೋಲ್ಡರ್‌ಗೆ ಮೌಂಟ್ ಮಾಡೋಣ ಅಂತಿದ್ದೇನೆ. ಒಂದು ಇಮೇಜ್ ಡೆಬಿಯನ್, ಇನ್ನೊಂದು ಆಲ್ಪೈನ್, ಎರಡೂ ಬೇರೆ ಬೇರೆ ಲಿನಕ್ಸ್. ತೊಂದರೆ ಆಗುತ್ತಾ?

ಉತ್ತರ:
ಆಗುತ್ತೆ. ನೋಡ್ ಮಾಡ್ಯೂಲ್ಸ್ ದಯವಿಟ್ಟು ಹಂಚಬೇಡಿ, ಡೌನ್‌ಲೋಡ್ ಆದದ್ದನ್ನು ಕೂಡಿಡುವ ಕ್ಯಾಶ್ ಹಂಚಿ.

ಇನ್‌ಸ್ಟಾಲ್ ಆದ ಫೋಲ್ಡರ್ ಆಯಾ ಇಮೇಜ್‌ಗೇ ಸೇರಿದ್ದು. ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಸಿ ಲೈಬ್ರರಿ ಡೆಬಿಯನ್‌ನಲ್ಲಿ ಜಿಲಿಬ್‌ಸಿ, ಆಲ್ಪೈನ್‌ನಲ್ಲಿ ಮಸಲ್. ಅಲ್ಲಿ ಕಂಪೈಲ್ ಆದ (ಯಂತ್ರದ ಕೋಡ್ ಆಗಿ ಬದಲಾದ) ನೇಟಿವ್ ಮಾಡ್ಯೂಲ್ ಇಲ್ಲಿ ಲೋಡ್ ಆಗುತ್ತದೆಂದು ನಂಬುವ ಹಾಗಿಲ್ಲ. ಅದೂ ಸಾಲದು ಅಂತ, ಎನ್‌ಪಿಎಂ ಸಿಐ ಎಂಬ ಇನ್‌ಸ್ಟಾಲ್ ಕಮಾಂಡ್ ಶುರುವಾಗುತ್ತಿದ್ದಂತೆ ಮೊದಲು ಇರುವ ನೋಡ್ ಮಾಡ್ಯೂಲ್ಸನ್ನೇ ಅಳಿಸುತ್ತದೆ. ಒಂದು ಸರ್ವೀಸ್ ಇನ್‌ಸ್ಟಾಲ್ ಮಾಡುವಾಗ ಇನ್ನೊಂದರ ಕಾಲಡಿಯ ನೆಲವೇ ಜಾರಿದಂತೆ.

ವಾಲ್ಯೂಮನ್ನು ಎನ್‌ಪಿಎಂ ತನ್ನ ಕ್ಯಾಶ್ ಇಡುವ, ಹೋಮ್ ಡೈರೆಕ್ಟರಿಯ ಡಾಟ್ ಎನ್‌ಪಿಎಂ ಫೋಲ್ಡರ್‌ಗೆ ಮೌಂಟ್ ಮಾಡಿ. ಅಲ್ಲಿರುವುದು ಡೌನ್‌ಲೋಡ್ ಆದ ಮೂಲ ಟಾರ್‌ಬಾಲ್‌ಗಳು (ಪ್ಯಾಕೇಜ್‌ನ ಕಟ್ಟುಗಳು), ಇನ್ನೂ ಕಂಪೈಲ್ ಆಗದವು. ಪ್ರತಿ ಫೈಲ್ ಅದರ ಹ್ಯಾಶ್ (ಒಳಗಿರುವುದರಿಂದಲೇ ಲೆಕ್ಕ ಹಾಕಿದ ಗುರುತು) ಹೆಸರಲ್ಲೇ ಇರುತ್ತದೆ, ಓದುವಾಗ ಮತ್ತೆ ತಾಳೆ ನೋಡಲಾಗುತ್ತದೆ. ಹಾಗಾಗಿ ಎರಡು ಕಂಟೇನರ್ ಒಟ್ಟಿಗೆ ಬರೆದರೂ ಹೆದರಬೇಕಿಲ್ಲ. ನನಗೆ ಈ ವಿನ್ಯಾಸದ ಬಗ್ಗೆ ತುಂಬಾ ಗೌರವವಿದೆ.

ಪಿಪ್ ಕಥೆ ಸ್ವಲ್ಪ ಬೇರೆ. ಸೋರ್ಸ್‌ನಿಂದ ತಾನೇ ಕಟ್ಟಿದ ವೀಲ್‌ಗಳನ್ನೂ (ಇನ್‌ಸ್ಟಾಲ್‌ಗೆ ಸಿದ್ಧವಾದ, ಕಂಪೈಲ್ ಆಗಿರಬಹುದಾದ ಪ್ಯಾಕೇಜ್‌ಗಳು) ಅದು ಕ್ಯಾಶ್‌ನಲ್ಲಿಡುತ್ತದೆ. ಮುಂದೆ ಆಲ್ಪೈನ್ ಮೇಲೂ ಪೈಥಾನ್ ಸರ್ವೀಸ್ ಬಂದರೆ ಅದಕ್ಕೆ ಬೇರೆ ವಾಲ್ಯೂಮ್ ಕೊಡಿ. ಕಂಟೇನರ್‌ನ ಯೂಸರ್ ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಅಲ್ಲದಿದ್ದರೆ ಅನುಮತಿಯನ್ನೂ ನೋಡಿಕೊಳ್ಳಿ. ಬರೆಯಲು ಅನುಮತಿ ಇಲ್ಲದಿದ್ದರೆ ಪಿಪ್ ನಿಲ್ಲುವುದಿಲ್ಲ, ಒಂದು ಎಚ್ಚರಿಕೆ ತೋರಿಸಿ ಕ್ಯಾಶ್ ಇಲ್ಲದೆ ಮುಂದೆ ಹೋಗುತ್ತದೆ. ಲಾಗ್‌ನಲ್ಲಿ ಅದು ಕಣ್ತಪ್ಪುವುದೇ ಹೆಚ್ಚು. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲೇ ಕ್ಯಾಶ್ ಫೋಲ್ಡರ್ ಮಾಡಿ, ಆ ಯೂಸರ್ ಹೆಸರಿಗೆ ಚೌನ್ (ಮಾಲೀಕರನ್ನು ಬದಲಿಸುವ ಕಮಾಂಡ್) ಮಾಡಿಡಿ. ಖಾಲಿ ನೇಮ್ಡ್ ವಾಲ್ಯೂಮ್ ಮೊದಲ ಸಲ ಮೌಂಟ್ ಆದಾಗ ಇಮೇಜ್‌ನಲ್ಲಿರುವ ಮಾಲೀಕತ್ವವನ್ನೇ ಪಡೆಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಆದರೆ ಪೈಥಾನ್ ಸರ್ವೀಸ್‌ನಲ್ಲಿ ಇನ್‌ಸ್ಟಾಲ್ ಆಗುವುದು ಡಾಕರ್‌ಫೈಲ್‌ನ ರನ್ ಸಾಲಿನಲ್ಲಿ. ಅಲ್ಲಿ ವಾಲ್ಯೂಮ್ ಕಾಣುತ್ತಲೇ ಇಲ್ಲ.

ಉತ್ತರ:
ಕಾಣುವುದೂ ಇಲ್ಲ. ಕಂಪೋಸ್‌ನ ವಾಲ್ಯೂಮ್ ಕಂಟೇನರ್ ಓಡುವಾಗ ಮಾತ್ರ, ಇಮೇಜ್ ಬಿಲ್ಡ್ ಆಗುವಾಗ ಅಲ್ಲ. ಅಲ್ಲಿಗೆ ಬಿಲ್ಡ್‌ಕಿಟ್‌ನ (ಡಾಕರ್‌ನ ಇಮೇಜ್ ಕಟ್ಟುವ ಎಂಜಿನ್) ಕ್ಯಾಶ್ ಮೌಂಟ್ ಬೇಕು: ರನ್ ಸಾಲಿನಲ್ಲೇ ಮೌಂಟ್ ಆಯ್ಕೆ ಹಾಕಿ, ಟೈಪ್ ಕ್ಯಾಶ್ ಎಂದು, ಟಾರ್ಗೆಟ್ ಪಿಪ್ ಕ್ಯಾಶ್ ಫೋಲ್ಡರ್ ಎಂದು ಕೊಡಿ. ಪಿಪ್‌ಗೆ ಕ್ಯಾಶ್ ಬೇಡ ಎನ್ನುವ ನೋ ಕ್ಯಾಶ್ ಡೈರ್ ಆಯ್ಕೆ ಇದ್ದರೆ ತೆಗೆಯಿರಿ. ಲಿನಕ್ಸ್‌ನಲ್ಲಿ ಡಾಕರ್ ಎಂಜಿನ್ 23ರಿಂದ ಬಿಲ್ಡ್‌ಕಿಟ್ ಡೀಫಾಲ್ಟ್. ಕ್ಯಾಶ್‌ನಲ್ಲಿರುವುದು ಇಮೇಜ್‌ಗೆ ಸೇರುವುದಿಲ್ಲ, ಇಮೇಜ್ ದಪ್ಪವಾಗುವ ಭಯವಿಲ್ಲ.

ಇನ್ನೊಂದು ಉತ್ತರ:
ಡೆಬಿಯನ್‌ನ ಪ್ಯಾಕೇಜ್ ಇನ್‌ಸ್ಟಾಲರ್ ಆದ ಆಪ್ಟ್‌ಗೂ ಇದೇ ದಾರಿ. ಆದರೆ ಅದರ ಫೋಲ್ಡರ್ ಮೇಲೆ ಒಂದು ಸಲಕ್ಕೆ ಒಬ್ಬರಿಗೇ ಲಾಕ್ ಸಿಗುವುದು, ಆದ್ದರಿಂದ ಕ್ಯಾಶ್ ಮೌಂಟ್‌ನ ಶೇರಿಂಗ್ ಆಯ್ಕೆಯನ್ನು ಲಾಕ್ಡ್ ಮಾಡಿ. ಡೆಬಿಯನ್ ಇಮೇಜ್‌ನಲ್ಲಿ ಡಾಕರ್ ಕ್ಲೀನ್ ಎಂಬ ಕಾನ್ಫಿಗ್ ಫೈಲ್ ಇದೆ, ಡೌನ್‌ಲೋಡ್ ಆದ ಡೆಬ್ ಫೈಲ್‌ಗಳನ್ನು (ಡೆಬಿಯನ್ ಪ್ಯಾಕೇಜ್‌ಗಳು) ಅದು ಅಳಿಸಿಬಿಡುತ್ತದೆ. ಮೊದಲು ಅದನ್ನು ತೆಗೆಯದಿದ್ದರೆ ಕ್ಯಾಶ್ ಖಾಲಿಯೇ ಇರುತ್ತದೆ.