ಮೆದುಳಿನ ‘ಪ್ಲಾಸ್ಟಿಸಿಟಿ’ಗೆ ‘ಹದ’ ಅನ್ನಬಹುದೇ?

ಗೆಳೆಯರೇ,

ಹೊರಗೆ ಯಾವ ಸದ್ದೂ ಇಲ್ಲದಿದ್ದರೂ ಕಿವಿಯಲ್ಲಿ ಬಿಡದೆ ಕೇಳುವ ಸದ್ದಿನ ಬಗ್ಗೆ, ಅಂದರೆ ಟಿನಿಟಸ್ ಬಗ್ಗೆ, ಒಂದು ಲೇಖನ ಬರೆಯುತ್ತಿದ್ದೇನೆ. ಅದರ ಮೊದಲ ಓದುಗಾರ್ತಿ ನನ್ನ ಅಕ್ಕ. ಆರು ವರ್ಷದಿಂದ ಅವಳ ಎಡಗಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು ನಿಂತಿಲ್ಲ. ಕರಡನ್ನು ಅವಳಿಗೆ ಓದಿ ಹೇಳುತ್ತಿದ್ದೆ. ‘ನರವನ್ನು ಪ್ರಚೋದಿಸಿ ಮೆದುಳಿನ ನಮ್ಯತೆಯನ್ನು ಹೆಚ್ಚಿಸಲಾಗುತ್ತದೆ’ ಎಂಬ ಸಾಲು ಬಂದಾಗ ತಡೆದಳು. ‘ಪ್ರಚೋದನೆ ಅಂದ್ರೆ ಕೆರಳಿಸೋದಲ್ವಾ? ಮೊದಲೇ ಕೆರಳಿರೋದನ್ನ ಮತ್ತೆ ಯಾಕೆ ಕೆರಳಿಸ್ಬೇಕು?’ ಅಂದಳು. ‘ನಮ್ಯತೆ’ ಬಗ್ಗೆ, ಅಂದರೆ ಅನುಭವಕ್ಕೆ ತಕ್ಕಂತೆ ಮೆದುಳು ಬದಲಾಗುವ ಗುಣವಾದ ‘ಪ್ಲಾಸ್ಟಿಸಿಟಿ’ ಬಗ್ಗೆ, ಏನೂ ಕೇಳಲಿಲ್ಲ. ಆ ಪದ ಅವಳನ್ನು ಮುಟ್ಟಿಯೇ ಇರಲಿಲ್ಲ.

ಅವತ್ತಿನಿಂದ ಆ ಒಂದು ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ನಿಮ್ಮ ನೆರವು ಬೇಕು.

ಟಿನಿಟಸ್‌ಗೆ ‘ಕಿವಿಮೊರೆತ’ ಸಾಕು ಅನ್ನಿಸಿದೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ‘ಕರ್ಣನಾದ’ ಇದೆ. ಕೊಳಲಿನಂಥ ಸದ್ದಾದರೆ ‘ಕರ್ಣಕ್ಷ್ವೇಡ’ ಅಂತ ಬೇರೆ ಹೆಸರೂ ಇದೆ. ಆದರೆ ‘ನಾದ’ ನಮಗೆ ಇಂಪಿನ ಪದ. ನಿದ್ದೆ ಕೆಡಿಸುವ ಸದ್ದಿಗೆ ಅದನ್ನು ಅಂಟಿಸಲು ಮನಸ್ಸು ಬರುವುದಿಲ್ಲ.

‘ನರ’ದ ತೊಡಕು ನಿಮಗೆ ಗೊತ್ತೇ ಇದೆ. ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಅನ್ನುತ್ತೇವೆ. ಆಡುಮಾತಿನಲ್ಲಿ ರಕ್ತನಾಳವೂ ನರವೇ. ಹಾಗಾಗಿ ಲೇಖನದಲ್ಲಿ ಮೊದಲ ಸಲ ಬಂದಾಗಲೇ ‘ಸುದ್ದಿ ಒಯ್ಯುವ ನರ’ ಎಂದು ಬರೆದಿದ್ದೇನೆ. ಕಿವಿಮೊರೆತ ತಗ್ಗಿಸಲು ಸಂಶೋಧಕರು ವಿದ್ಯುತ್ ಮಿಡಿತ ಕೊಟ್ಟು ನೋಡಿದ ನರದ ಹೆಸರು ವೇಗಸ್. ಇದು ಇನ್ನೊಂದು ತೊಡಕು. ಕನ್ನಡದ ಕಣ್ಣಿಗೆ ಅದರಲ್ಲಿ ‘ವೇಗ’ ಕಾಣುತ್ತದೆ, ವೇಗವಾಗಿ ಓಡುವ ನರ ಇರಬೇಕು ಅನ್ನಿಸುತ್ತದೆ. ನಿಜಕ್ಕೂ ಲ್ಯಾಟಿನ್ನಿನಲ್ಲಿ ಆ ಪದದ ಅರ್ಥ ಅಲೆಯುವುದು, ಸುತ್ತಾಡುವುದು. ಮೆದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಇದು ಹತ್ತನೆಯದು. ಕತ್ತಿನ ಮೂಲಕ ಇಳಿದು ಎದೆ, ಹೊಟ್ಟೆಯವರೆಗೂ ಸುತ್ತುತ್ತದೆ. ಒಂದು ಕವಲು ಕಿವಿಯ ತೂತಿನ ಚರ್ಮಕ್ಕೂ ಬರುತ್ತದೆ. ಕಿವಿಯೊಳಗೆ ಬತ್ತಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದು ಅದರಿಂದಲೇ. ಅದರ ಎಳೆಗಳಲ್ಲಿ ಹೆಚ್ಚಿನವು ದೇಹದಿಂದ ಮೆದುಳಿನ ಕಡೆಗೆ ಸುದ್ದಿ ಒಯ್ಯುವಂಥವು, ಅದರಲ್ಲೂ ತೆಳ್ಳಗಿನ, ನಿಧಾನದ ಎಳೆಗಳೇ ಜಾಸ್ತಿ. ಅಂದಮೇಲೆ ‘ವೇಗ’ದ ನೆರಳು ಇದಕ್ಕೆ ಬೀಳಲೇಬಾರದು. ‘ಅಲೆಮಾರಿ ನರ’ ಅನ್ನಬಹುದೇ?

ಈಗ ‘ಪ್ರಚೋದನೆ’ಗೆ ಬರುತ್ತೇನೆ. ಪಠ್ಯಪುಸ್ತಕದಲ್ಲಿ ಅದೇ ಇದೆ, ಒಪ್ಪುತ್ತೇನೆ. ಆದರೆ ದಿನಪತ್ರಿಕೆ ಓದುವವರಿಗೆ ‘ಪ್ರಚೋದನಕಾರಿ ಭಾಷಣ’ ನೆನಪಾಗುತ್ತದೆ. ‘ಉದ್ದೀಪನ’ ಅಂದರೆ ಆಟಗಾರರು ಸಿಕ್ಕಿಬೀಳುವ ಮದ್ದು. ‘ಉತ್ತೇಜನ’ ಅಂದರೆ ಬೆನ್ನು ತಟ್ಟುವುದು. ಇಲ್ಲಿ ನಡೆಯುವ ಕೆಲಸ ಇವು ಯಾವುದೂ ಅಲ್ಲ. ಮುಂದೆ ಹೇಳಲಿರುವ ಇಲಿಗಳ ಪ್ರಯೋಗದಲ್ಲಿ ಸಂಶೋಧಕರು ಪ್ರತಿ ಸಲ ಅರ್ಧ ಸೆಕೆಂಡು ಮಾತ್ರ, ಸೆಕೆಂಡಿಗೆ 30ರ ಲೆಕ್ಕದಲ್ಲಿ, ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟರು. ಅಷ್ಟೆ. ಎಳೆದು ಕಟ್ಟಿದ ತಂತಿಯನ್ನು ಬೆರಳ ತುದಿಯಿಂದ ಮುಟ್ಟಿ ಬಿಟ್ಟ ಹಾಗೆ. ಅದಕ್ಕೆ ಕನ್ನಡದಲ್ಲಿ ‘ಮೀಟು’ ಅನ್ನುತ್ತೇವೆ. ನರ ಮೀಟುವುದು, ನರಮೀಟು. ಕಲ್ಲನ್ನು ಮೀಟಿ ಎಬ್ಬಿಸುವುದಕ್ಕೂ ಅದೇ ಪದ ಇರುವುದರಿಂದ ಗೊಂದಲ ಆದೀತು ಅಂತ ಒಬ್ಬರು ಹೇಳಿದರು. ನರದ ಜೊತೆ ಬಂದಾಗ ಯಾರೂ ಹಾರೆಯನ್ನು ನೆನೆಯುವುದಿಲ್ಲ ಅಂತ ನನ್ನ ನಂಬಿಕೆ.

ಮೆದುಳು ಸದ್ದಿಗೆ ‘ಅಡಾಪ್ಟ್’ ಆಗುತ್ತದೆ ಎಂಬುದನ್ನು ಬರೆಯಲು ಹೊರಟಾಗ ನನಗೆ ಒಂದು ಖುಷಿಯ ವಿಷಯ ಕಂಡಿತು. ಇಂಗ್ಲಿಷಿನಲ್ಲಿ ಆ ಒಂದೇ ಪದದ ಕೆಳಗೆ ತುರುಕಿರುವ ಕೆಲಸಗಳಿಗೆ ನಮ್ಮಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಫ್ಯಾನ್ ಸದ್ದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೇ ಬರುವುದಿಲ್ಲ. ಅದು ‘ಒಗ್ಗುವುದು’. ಊರ ನೀರು ಒಗ್ಗಿದ ಹಾಗೆ, ನಾವೇನೂ ಮಾಡಬೇಕಿಲ್ಲ. ಕೆಲವು ದಿನ ಕಿವಿಗೆ ಬಿಗಿಯಾಗಿ ಬೆಣೆ ಇಟ್ಟುಕೊಂಡರೆ, ಮೆದುಳು ಒಳಗಿನ ವಾಲ್ಯೂಮ್ ಏರಿಸುತ್ತದೆ. ಬೆಣೆ ತೆಗೆದಾಗ ಸಾಧಾರಣ ಸದ್ದೂ ಜೋರಾಗಿ ಕೇಳುತ್ತದೆ, ಕೆಲವರಿಗೆ ಇಲ್ಲದ ಸದ್ದೂ ಕೇಳತೊಡಗುತ್ತದೆ. ಅದು ‘ಹೊಂದಿಕೊಳ್ಳುವುದು’. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರ ಒಳಕಿವಿಯಲ್ಲಿ ಕೂರಿಸುವ ವಿದ್ಯುತ್ ಸಾಧನ, ಹಾಕಿಸಿಕೊಂಡವರದು ಮೂರನೆಯ ಬಗೆ. ಒಳಕಿವಿಯಲ್ಲಿ ಸದ್ದನ್ನು ಹಿಡಿದು ಮೆದುಳಿಗೆ ಕಳಿಸುವ ಕೂದಲಕೋಶಗಳು ಸುಮಾರು 3,500. ಅವುಗಳ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡುಗಳು ಮಾಡಬೇಕು. ಮೊದಲ ದಿನ ಮಾತು ಯಂತ್ರದ ಕಿರುಚಾಟದಂತೆ ಕೇಳಬಹುದು. ವಾರ, ತಿಂಗಳು ಕೇಳಿ ಕೇಳಿ ಅದು ಮಾತಾಗುತ್ತದೆ. ಅದು ‘ಪಳಗುವುದು’. ಪಳಗಿದ ಕೈ ಅಂತೀವಲ್ಲ, ಹಾಗೆ ಪಳಗಿದ ಮೆದುಳು.

ಇವೆಲ್ಲವನ್ನೂ ‘ಹೊಂದಾಣಿಕೆ’ ಅಂತ ಬರೆದು ಮುಗಿಸುವುದು ನನಗೆ ಇಷ್ಟವಿಲ್ಲ. ಇರುವ ಸಂಪತ್ತನ್ನು ಸುಮ್ನೆ ಬಿಟ್ಟುಕೊಟ್ಟ ಹಾಗೆ.

ಕೊನೆಗೆ ‘ಪ್ಲಾಸ್ಟಿಸಿಟಿ’. ನಮ್ಯತೆ ಅಂದರೆ ಬಾಗುವ ಗುಣ. ಬಿದಿರು ಬಾಗುತ್ತದೆ, ಬಿಟ್ಟರೆ ಮೊದಲಿನಂತೆ ನಿಲ್ಲುತ್ತದೆ. ಮೆದುಳು ಹಾಗಲ್ಲ. ಒತ್ತಿದ ಅಚ್ಚು ಅದರಲ್ಲಿ ಉಳಿಯುತ್ತದೆ. ಬಿದಿರಿಗಿಂತ ಜೇಡಿಮಣ್ಣಿಗೆ ಹತ್ತಿರ. ಮಣ್ಣು ಅಚ್ಚು ಹಿಡಿಯುವ ಸ್ಥಿತಿಗೆ ಬಂದಾಗ ನಾವು ಹೇಳುವುದು ಒಂದೇ ಮಾತು: ಹದಕ್ಕೆ ಬಂತು.

ಈ ಪದ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ತಿಳಿಯಲು ಪ್ರಯೋಗವನ್ನೇ ನೋಡಬೇಕು. ಮೆದುಳಿನ ಕೇಳುವ ಭಾಗದಲ್ಲಿ ಸ್ವರಗಳಿಗೆ ಒಂದೊಂದು ಜಾಗ ಇದೆ, ವೀಣೆಯ ಮೆಟ್ಟಿಲುಗಳ ಹಾಗೆ ಸಾಲಾಗಿ. 1998ರಲ್ಲಿ ಮೈಕೆಲ್ ಕಿಲ್ಗಾರ್ಡ್ ಮತ್ತು ಮೈಕೆಲ್ ಮರ್ಜೆನಿಕ್ ಎಂಬ ಮೆದುಳು ಸಂಶೋಧಕರು ಇಲಿಗಳ ಮೆದುಳಿನ ತಳದಲ್ಲಿರುವ ನ್ಯೂಕ್ಲಿಯಸ್ ಬಸಾಲಿಸ್ ಎಂಬ ಭಾಗವನ್ನು ಮೀಟುತ್ತಾ, ಅದೇ ಹೊತ್ತಿಗೆ ಒಂದು ಸ್ವರ ಕೇಳಿಸಿದರು. ಆ ಸ್ವರದ ಜಾಗ ಹಿಗ್ಗಿತು. ಟಿನಿಟಸ್‌ನಲ್ಲಿ ಇಂಥದ್ದೇ ಬದಲಾವಣೆ ದಾರಿ ತಪ್ಪಿ ನಡೆದಿರುತ್ತದೆ ಅಂತ ಕಿಲ್ಗಾರ್ಡ್ ತಂಡದ ವಾದ. ಕೆಲವು ಸ್ವರಗಳ ಕೂದಲಕೋಶ ಸತ್ತಾಗ ಆ ಜಾಗ ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ಸ್ವರಗಳು ಒತ್ತುವರಿ ಮಾಡುತ್ತವೆ, ನರಕೋಶಗಳು ಕಾರಣವಿಲ್ಲದೆ ಮಿಡಿಯತೊಡಗುತ್ತವೆ. 2011ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕಿಲ್ಗಾರ್ಡ್ ತಂಡ, ಜೋರು ಸದ್ದಿನಿಂದ ಕಿವಿ ಕೆಟ್ಟ ಇಲಿಗಳಲ್ಲಿ ವೇಗಸ್ ನರವನ್ನು ಮೀಟಿತು. ಜೊತೆಗೆ, ಟಿನಿಟಸ್ ಆಗಿ ಕಾಡುತ್ತಿದ್ದ ಸ್ವರ ಒಂದನ್ನು ಬಿಟ್ಟು ಉಳಿದ ಸ್ವರಗಳನ್ನು ಕೇಳಿಸಿತು. ದಿನಕ್ಕೆ ನೂರಾರು ಸಲ. ಇಲಿಗಳಲ್ಲಿ ಟಿನಿಟಸ್‌ನ ಲಕ್ಷಣ ಹೋಯಿತು, ವಾರಗಟ್ಟಲೆ ಮರಳಲಿಲ್ಲ. ಮನುಷ್ಯರಲ್ಲಿ ಚಿಕ್ಕ ಪ್ರಯೋಗಗಳು ನಡೆದಿವೆ. ಕೆಲವರಿಗೆ ಕಡಿಮೆಯಾಯಿತು, ಎಲ್ಲರಿಗೂ ಅಲ್ಲ. ಇದನ್ನು ಅಕ್ಕನಿಗೆ ಒತ್ತಿ ಹೇಳಿದ್ದೇನೆ, ಲೇಖನದಲ್ಲೂ ಹಾಗೇ ಬರೆಯುತ್ತೇನೆ.

ಗಮನಿಸಿ, ನರ ಮೀಟಿದ್ದಷ್ಟೇ ಸಾಲದು. ಸ್ವರವೂ ಆಗಲೇ ಬರಬೇಕು. ಮೀಟಿದಾಗ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್‌ನಂಥ ರಾಸಾಯನಿಕಗಳು ಹರಡುತ್ತವೆ, ಸ್ವಲ್ಪ ಹೊತ್ತು ಮಾತ್ರ. ಆಗ ಕೇಳಿದ ಸದ್ದು ಅಚ್ಚಾಗುತ್ತದೆ. ಹೊಲ ಹದಕ್ಕೆ ಬಂದಾಗಲೇ ಬಿತ್ತಬೇಕಲ್ಲ, ಅದೇ. ನಮ್ಯತೆಗೆ ಈ ಹೊತ್ತಿನ ಸೂಕ್ಷ್ಮ ಇಲ್ಲ, ಹದಕ್ಕೆ ಇದೆ. ಹೊಸ ಸಾಲನ್ನು ಅಕ್ಕನಿಗೆ ಓದಿದೆ: ‘ನರವನ್ನು ಮೀಟಿ ಮೆದುಳನ್ನು ಹದಕ್ಕೆ ತರುತ್ತಾರೆ, ಆ ಹದದಲ್ಲಿ ಬೇಕಾದ ಸದ್ದು ಕೇಳಿಸುತ್ತಾರೆ.’ ಅವಳು ಕೇಳಿದ್ದು: ‘ಹದ ಎಷ್ಟು ಹೊತ್ತು ಇರುತ್ತೆ?’ ಕೆಲವೇ ಸೆಕೆಂಡು ಅಂದೆ. ಆ ಸಂಶೋಧಕರು ಕೇಳಿಕೊಂಡ ಪ್ರಶ್ನೆಯೂ ಅದೇ. ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು ಲಾಭ. ‘ಆರೋಗ್ಯ ಹದಗೆಟ್ಟಿತು’ ಅಂತ ನಾವು ಆಗಲೇ ಹೇಳುತ್ತೇವೆ. ಕಿವಿಮೊರೆತ ಮೆದುಳಿನ ಹದ ಕೆಟ್ಟು ಬಂದದ್ದು ಅಂದರೆ ಬೇರೆ ವಿವರಣೆ ಬೇಡ.

ನನ್ನ ಅನುಮಾನ ಪದ ಕಟ್ಟುವುದರಲ್ಲಿದೆ. ‘ಹದ’ ಒಂದು ಸ್ಥಿತಿ. ಪ್ಲಾಸ್ಟಿಸಿಟಿ ಆ ಸ್ಥಿತಿಗೆ ಬರಬಲ್ಲ ಗುಣ. ‘ಹದಗುಣ’ ಅಂತ ಕಟ್ಟಿದೆ. ಆದರೆ ಹದ ಅಚ್ಚಗನ್ನಡ, ಹಳಗನ್ನಡದ ‘ಪದ’ದಿಂದ ಬಂದದ್ದು, ಪಾಲು ಹಾಲಾದ ಹಾಗೆ. ತಮಿಳಿನಲ್ಲಿ ಇಂದಿಗೂ ಪಾಕದ ಹದಕ್ಕೆ ‘ಪದಂ’ ಅನ್ನುತ್ತಾರೆ. ಗುಣ ಸಂಸ್ಕೃತದ್ದು. ಹಾಗಾದರೆ ಇದು ಅರಿಸಮಾಸ. ನನಗೇನೂ ತಕರಾರಿಲ್ಲ, ಆದರೆ ಕಿವಿಗೆ ಹೇಗೆ ಕೇಳುತ್ತದೆ ಅಂತ ನೀವೇ ಹೇಳಬೇಕು. ‘ಹದಬರುವಿಕೆ’ ತೀರಾ ಉದ್ದ, ‘ಹದತನ’ ಎಲ್ಲೂ ಕೇಳಿದ ನೆನಪಿಲ್ಲ. ನಿಮ್ಮ ಕಡೆ ಮಣ್ಣಿನ ಕೆಲಸ, ಬಡಗಿ ಕೆಲಸ, ಚರ್ಮದ ಕೆಲಸ ಮಾಡುವವರು ‘ಇದು ಹದಕ್ಕೆ ಬರೋ ಮಾಲು, ಅದು ಬರಲ್ಲ’ ಅನ್ನುವುದನ್ನು ಒಂದೇ ಪದದಲ್ಲಿ ಹೇಳುತ್ತಾರಾ? ಹೇಳುವುದಾದರೆ ಅದು ಯಾವುದು?