ನಂಗಿನ ಎರಡೂ ಕಣ್ಣು ಒಂದೇ ಬದಿಯಲ್ಲಿರುವುದೇಕೆ?

ಪ್ರಶ್ನೆ:
ಮಳೆಗಾಲ ಕಳೆದ ಮೇಲೆ ಮಂಗಳೂರಿನ ಮಾರುಕಟ್ಟೆಗೆ ಬುಟ್ಟಿಗಟ್ಟಲೆ ಬರುವ ನಂಗನ್ನು ಚಿಕ್ಕಂದಿನಿಂದ ತಿನ್ನುತ್ತಿದ್ದರೂ, ಮೊನ್ನೆ ಶುಚಿಮಾಡುವಾಗಲೇ ಅದನ್ನು ಸರಿಯಾಗಿ ನೋಡಿದೆ. ಕಂದು ಬದಿಯಲ್ಲಿ ಸಾಸಿವೆಕಾಳಿನಂಥ ಎರಡು ಕಣ್ಣುಗಳು ಒತ್ತೊತ್ತಾಗಿದ್ದವು. ಮಗುಚಿದರೆ ಬಿಳಿಯ ಬದಿಯಲ್ಲಿ ಕಣ್ಣೇ ಇರಲಿಲ್ಲ. ಇದೂ ತೊರಕೆಯಂತೆ ಚಪ್ಪಟೆ ಬೆನ್ನಿನ ಮೀನೇ? ಹುಟ್ಟುವಾಗಲೇ ಹೀಗಿರುತ್ತದೆಯೇ?

ಉತ್ತರ 1:
ತೊರಕೆ ಹೊಟ್ಟೆಯ ಮೇಲೆ ಮಲಗುತ್ತದೆ, ನಂಗು ಮಗ್ಗುಲಾಗಿ ಮಲಗುತ್ತದೆ. ನೀವು ಬೆನ್ನೆಂದುಕೊಂಡ ಕಂದು ಭಾಗ ಅದರ ಎಡ ಮಗ್ಗುಲು, ಬಿಳಿಯ ಭಾಗ ಬಲ ಮಗ್ಗುಲು. ನಿಜವಾದ ಬೆನ್ನು ಮತ್ತು ಹೊಟ್ಟೆ ಎರಡು ಅಂಚುಗಳಲ್ಲಿವೆ. ಅಲ್ಲಿನ ಈಜುರೆಕ್ಕೆಗಳು ಬಾಲದ ರೆಕ್ಕೆಯೊಡನೆ ಕೂಡಿಕೊಂಡು, ಸೀರೆಗೆ ಅಂಚು ಹೊಲಿದಂತೆ ಮೈಯನ್ನು ಸುತ್ತುವರಿದಿರುತ್ತವೆ.

ಹುಟ್ಟುವಾಗ ಮಾತ್ರ ಅದು ಹೀಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಬೇರೆ ಮೀನುಮರಿಗಳಂತೆ ನೆಟ್ಟಗೆ ಈಜುತ್ತದೆ, ಅದಕ್ಕೆ ಆಚೆಗೊಂದು ಈಚೆಗೊಂದು ಕಣ್ಣಿರುತ್ತದೆ. ಬೆಳೆಯುತ್ತ ಹೋದಂತೆ ತಲೆಬುರುಡೆ ತಿರುಚಿಕೊಂಡು ಬಲಗಣ್ಣು ಎಡಬದಿಗೆ ಸರಿಯುತ್ತದೆ. ಆಮೇಲೆ ಮೀನು ಬಲ ಮಗ್ಗುಲನ್ನು ಕೆಸರಿಗೊತ್ತಿ ತಳದಲ್ಲೇ ಬಾಳುತ್ತದೆ. ನೆಲದಲ್ಲಿ ಹುದುಗಿದ್ದರೂ ಮೇಲಿನದನ್ನು ಎರಡು ಕಣ್ಣಿನಿಂದಲೂ ನೋಡುವ ಈ ಏರ್ಪಾಡಿನಷ್ಟು ಅಚ್ಚರಿಯದು ನಮ್ಮ ಕಡಲಿನಲ್ಲಿ ನನಗೆ ಇನ್ನೊಂದು ಕಂಡಿಲ್ಲ.

ಉತ್ತರ 2:
ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ನಂಗಿನ ಶಾಸ್ತ್ರೀಯ ಹೆಸರು ಸೈನೋಗ್ಲಾಸಸ್ ಮ್ಯಾಕ್ರೊಸ್ಟೋಮಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ನಾಯಿಯ ನಾಲಗೆ ಎಂಬ ಅರ್ಥವಿದೆ. ಇದು ಸುಮಾರು 15 ಸೆಂಟಿಮೀಟರಿನ ಜಾತಿಯಾದ್ದರಿಂದ ಗೇಣಿಗಿಂತ ಚಿಕ್ಕದೆಲ್ಲ ಮರಿಯೆಂದು ಭಾವಿಸಬೇಕಾಗಿಲ್ಲ. ಕೆಸರಿನಲ್ಲಿರುವ ಹುಳುಗಳು ಮತ್ತು ಸಣ್ಣ ಸಿಗಡಿಜಾತಿಯ ಜೀವಿಗಳು ಇದರ ಆಹಾರ. ಮಳೆಗಾಲದ ಬಳಿಕ ಇವು ದಡದ ಸಮೀಪದ ಕೆಸರುತಳದಲ್ಲಿ ದಟ್ಟವಾಗಿ ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಟ್ರಾಲ್ ದೋಣಿಗಳೂ ಆಗಲೇ ಕಡಲಿಗಿಳಿದಿರುತ್ತವೆ. ತಳ ಗುಡಿಸುವ ಬಲೆಗೆ ನಿಜವಾದ ಮರಿಗಳೂ ಸಿಕ್ಕಿಬೀಳುವುದು ನನಗೆ ಬಹಳ ಬೇಸರದ ಸಂಗತಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಇಂದು ತಂದ ಹನ್ನೊಂದು ನಂಗುಗಳನ್ನು ಒಂದೊಂದಾಗಿ, ಹೊಟ್ಟೆಯ ಅಂಚು ಕೆಳಗಾಗುವಂತೆ, ಕಣ್ಣಿನ ಬದಿ ನನ್ನತ್ತ ಇರುವಂತೆ ಹಿಡಿದು ನೋಡಿದೆ. ಅಷ್ಟರ ತಲೆಯೂ ನನ್ನ ಎಡಕ್ಕೇ ಇತ್ತು. ಕರುಳಿನ ಪುಟ್ಟ ಚೀಲ ತಲೆಯ ಹಿಂದೆಯೇ, ಆ ಕೆಳ ಅಂಚಿಗೆ ಅಂಟಿಕೊಂಡಿತ್ತು.